ಐದು ಸಾಲು, ಒಂದು ಕೊಂಡಿ: ಸಿಂಕ್ವೇನ್ ಸರಪಳಿ ಆಟ ಆಡುವುದು ಹೇಗೆ?

"ಸಿಂಕ್ವೇನ್ ಅಂದರೆ ಏನು ಅಂತ ಗೊತ್ತಾಯಿತು, ಆದರೆ ಅದನ್ನು ನಾಲ್ಕು ಜನ ಸೇರಿ ಆಡೋದು ಹೇಗೆ? ಕನ್ನಡದಲ್ಲಿ ಅಕ್ಷರ ಎಣಿಸೋದು ಹೇಗೆ?" ಈ ಎರಡು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಪದ್ಯ ಬರೆದು ಅಭ್ಯಾಸವಿಲ್ಲದವರೂ ಇದನ್ನು ಓದಿ ಇವತ್ತೇ ಆಟ ಶುರು ಮಾಡಬಹುದು.

ಮೊದಲು ಹೆಸರಿನ ಪರಿಚಯ. ಸಿಂಕ್ವೇನ್ ಎಂದರೆ ಐದು ಸಾಲಿನ ಪುಟ್ಟ ಪದ್ಯ. ಸಾಲುಗಳಲ್ಲಿ ಕ್ರಮವಾಗಿ 2, 4, 6, 8, 2 ಅಕ್ಷರ ಇರಬೇಕು. ಒಟ್ಟು 22 ಅಕ್ಷರ, ಅಷ್ಟೇ. ಈ ಅಳತೆಯನ್ನು ರೂಪಿಸಿದವರು ಅಮೆರಿಕದ ಕವಯಿತ್ರಿ ಅಡಿಲೇಡ್ ಕ್ರಾಪ್ಸಿ (1878–1914). ಜಪಾನಿನ ಹೈಕು ಮತ್ತು ತಾಂಕಾ ಪದ್ಯಗಳು ಅವರಿಗೆ ಪ್ರೇರಣೆ. ಅವರು ತೀರಿಕೊಂಡ ಮರುವರ್ಷ, 1915ರಲ್ಲಿ, ಈ ಪದ್ಯಗಳು ಪುಸ್ತಕವಾಗಿ ಬಂದವು. ಪದ್ಯ ನಾಲ್ಕನೇ ಸಾಲಿನವರೆಗೂ ಹಿಗ್ಗುತ್ತಾ ಹೋಗಿ, ಐದನೇ ಸಾಲಿನಲ್ಲಿ ತಟ್ಟನೆ ಎರಡೇ ಅಕ್ಷರಕ್ಕೆ ಬಂದು ನಿಲ್ಲುತ್ತದೆ. ಇಡೀ ಮಜಾ ಇರುವುದು ಆ ತಟ್ಟನೆ ನಿಲ್ಲುವುದರಲ್ಲೇ.

ಸರಪಳಿ ಆಟದಲ್ಲಿ ಒಬ್ಬರ ಪದ್ಯದ ಕೊನೆಯ ಸಾಲು ಮುಂದಿನವರ ಪದ್ಯದ ಮೊದಲ ಸಾಲಾಗುತ್ತದೆ. ಎರಡಕ್ಕೂ ಎರಡೇ ಅಕ್ಷರ ಬೇಕಾದ್ದರಿಂದ ಅದು ಹಾಗೇ ಕೂತುಬಿಡುತ್ತದೆ. ಆ ಪದವನ್ನು ಈ ಲೇಖನದಲ್ಲಿ "ಕೊಂಡಿ" ಎಂದು ಕರೆಯುತ್ತೇನೆ. ಕನ್ನಡದಲ್ಲಂತೂ ಎರಡಕ್ಷರದ ಪದಗಳಿಗೆ ಬರವೇ ಇಲ್ಲ. ಮಳೆ, ಗಾಳಿ, ಬೇರು, ಕಣ್ಣು, ಹಾಡು, ನಗು, ಎಲ್ಲವೂ ಎರಡಕ್ಷರ. ಈ ಆಟ ನಮ್ಮ ಭಾಷೆಗೆ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಅದೇ ಕಾರಣ.

ಏನೇನು ಬೇಕು?

ಮೂರರಿಂದ ಐದು ಜನ, ಒಂದು ಹಾಳೆ, ಒಂದು ಪೆನ್ನು. ಎದುರಿಗೆ ಕೂತು ಆಡದಿದ್ದರೆ ಮೊಬೈಲಿನ ಗುಂಪು ಸಂದೇಶವೂ ಸಾಕು. ಐದು ಜನ ಇದ್ದರೆ ಬಹಳ ಒಳ್ಳೆಯದು, ಯಾಕೆ ಎಂಬುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ. ಆರು ಜನಕ್ಕಿಂತ ಜಾಸ್ತಿ ಆದರೆ ಎರಡು ಗುಂಪು ಮಾಡಿ. ಇಲ್ಲದಿದ್ದರೆ ಸರದಿ ಬರುವಷ್ಟರಲ್ಲಿ ಆಸಕ್ತಿ ಹೋಗಿರುತ್ತದೆ.

ಹಂತ 1: ಎಣಿಕೆಯ ನಿಯಮ ಮೊದಲೇ ತೀರ್ಮಾನಿಸಿ

ಆಟದಲ್ಲಿ ಜಗಳ ಶುರುವಾಗುವುದು ಇಲ್ಲೇ, ಹಾಗಾಗಿ ಇದಕ್ಕೆ ಸ್ವಲ್ಪ ಸಮಯ ಕೊಡಿ. ಇಲ್ಲಿ ಎಣಿಸಬೇಕಾದದ್ದು ಅಕ್ಷರ, ಮಾತ್ರೆ ಅಲ್ಲ. ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಷಟ್ಪದಿ, ರಗಳೆ ಓದಿದವರು ಅಭ್ಯಾಸಬಲದಿಂದ ಲಘು ಗುರು ಹಾಕಲು ಕೂರುತ್ತಾರೆ. ಈ ಆಟಕ್ಕೆ ಅದು ಬೇಡ. ಹ್ರಸ್ವವಾದರೂ ಒಂದು, ದೀರ್ಘವಾದರೂ ಒಂದು.

ಒತ್ತಕ್ಷರ ಎಷ್ಟೇ ಇರಲಿ, ಅದು ಒಂದೇ ಅಕ್ಷರ. "ಅಕ್ಕ" ಎರಡು, "ಸ್ತ್ರೀ" ಒಂದು. ಸೊನ್ನೆಗೂ ವಿಸರ್ಗಕ್ಕೂ ಬೇರೆ ಲೆಕ್ಕ ಇಲ್ಲ. "ಸಂಜೆ" ಎರಡು, "ದುಃಖ" ಎರಡು.

ತಕರಾರು ಬರುವುದು ಅರ್ಧಕ್ಷರದಲ್ಲಿ ಮುಗಿಯುವ ಪದಗಳಿಗೆ. "ಬಸ್" ಎಷ್ಟು? ನನ್ನ ಮಟ್ಟಿಗೆ, ಕೊನೆಯ ಅರ್ಧಕ್ಷರವನ್ನು ಹಿಂದಿನ ಅಕ್ಷರಕ್ಕೇ ಸೇರಿಸುವುದು ಸರಿ. ಹಾಗಾಗಿ "ಬಸ್" ಒಂದು, "ಬಸ್ಸು" ಎರಡು. "ಸೈಕಲ್" ಎರಡು, "ಸೈಕಲ್ಲು" ಮೂರು. ನಿಮ್ಮ ಗುಂಪು ಬೇರೆ ತೀರ್ಮಾನ ಮಾಡಿದರೂ ತೊಂದರೆಯಿಲ್ಲ. ಮಾಡಿದ ತೀರ್ಮಾನ ಆಟದ ಮಧ್ಯೆ ಬದಲಾಗಬಾರದು, ಅಷ್ಟೇ.

ಎಚ್ಚರಿಕೆ: ಮೊಬೈಲು ಅಥವಾ ಕಂಪ್ಯೂಟರಿನಲ್ಲಿ ಅಕ್ಷರಗಳ ಲೆಕ್ಕ ತೋರಿಸುವ ಸೌಲಭ್ಯವನ್ನು ನಂಬಬೇಡಿ. ಬಹಳಷ್ಟು ಕಡೆ ಅದು ವ್ಯಂಜನ, ಒತ್ತು, ಸ್ವರಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಆರು ಎಂದು ತೋರಿಸಿದರೂ ಆಶ್ಚರ್ಯವಿಲ್ಲ. ಬೆರಳು ಮಡಚಿ, ಬಾಯಿಬಿಟ್ಟು ಹೇಳಿ ಎಣಿಸಿ.

ಹಂತ 2: ಪದವನ್ನು ಹಿಗ್ಗಿಸಲು, ಕುಗ್ಗಿಸಲು ಕಲಿಯಿರಿ

"ಒಂದು ಅಕ್ಷರ ಜಾಸ್ತಿ ಆಗ್ತಿದೆ, ಏನು ಮಾಡಲಿ?" ಎಂದು ಕೇಳುವವರಿಗೆ ಈ ಹಂತ. ಇಂಥ ಹೊತ್ತಿನಲ್ಲಿ ಕನ್ನಡ ನಿಮ್ಮ ಕೈಬಿಡುವುದಿಲ್ಲ.

ಕ್ರಿಯಾಪದಕ್ಕೆ ಬರಹದ ರೂಪ ಒಂದು, ಮಾತಿನ ರೂಪ ಒಂದು ಇದೆ. "ಹೋಗುತ್ತದೆ" ನಾಲ್ಕು, "ಹೋಗುತ್ತೆ" ಮೂರು. "ಹೋಯಿತು" ಮೂರು, "ಹೋಯ್ತು" ಎರಡು. "ಬರುತ್ತಾನೆ" ನಾಲ್ಕು, "ಬರ್ತಾನೆ" ಮೂರು. ನಾಮಪದಕ್ಕೂ ಹೀಗೇ. "ಮನೆಯಲ್ಲಿ" ನಾಲ್ಕು, "ಮನೇಲಿ" ಮೂರು. ಸಂಧಿ ಮಾಡಿದರೆ ಎಷ್ಟೋ ಸಲ ಒಂದು ಅಕ್ಷರ ಕಡಿಮೆಯಾಗುತ್ತದೆ. "ಮಾತು ಇಲ್ಲ" ನಾಲ್ಕಾದರೆ "ಮಾತಿಲ್ಲ" ಮೂರು. ಒಂದು ಅಕ್ಷರ ಕಡಿಮೆ ಬಿದ್ದರೆ ಒತ್ತು ಕೊಡುವ "ಏ", "ಊ" ನೆರವಿಗೆ ಬರುತ್ತವೆ. "ಮಳೆ" ಎರಡು, "ಮಳೆಯೇ" ಮೂರು.

ಆದರೆ ಒಂದು ಮಾತು. ಎಣಿಕೆ ತುಂಬಿಸಲು ಸುಮ್ನೆ "ಆ", "ಈ", "ತಾನೇ" ಎಂದೆಲ್ಲ ತುರುಕಬೇಡಿ. ಇರುವುದೇ 22 ಅಕ್ಷರ. ಕೆಲಸ ಮಾಡದ ಒಂದೇ ಅಕ್ಷರವೂ ಎದ್ದು ಕಾಣುತ್ತದೆ.

ಹಂತ 3: ಒಬ್ಬೊಬ್ಬರೂ ಒಂದೊಂದು ಬಿಡಿ ಪದ್ಯ ಬರೆಯಿರಿ

ಸರಪಳಿಗೆ ಮೊದಲು ಕೈ ಕುದುರಲಿ. ಹೊಸಬರು ಸಾಮಾನ್ಯವಾಗಿ ಮೊದಲ ಸಲ ಬರೆಯುವುದು ಹೀಗೆ:

ನಾನು
ನಿನ್ನೆ ಸಂಜೆ
ಅಂಗಡಿಗೆ ಹೋಗಿ
ಎರಡು ಪುಸ್ತಕ ಕೊಂಡು
ಬಂದೆ

ಎಣಿಸಿ ನೋಡಿ. 2, 4, 6, 8, 2. ಲೆಕ್ಕ ಸರಿಯಿದೆ. ಆದರೂ ಇದು ಪದ್ಯ ಅನ್ನಿಸುವುದಿಲ್ಲ, ಅಲ್ವಾ? ಒಂದು ಸಾಧಾರಣ ವಾಕ್ಯವನ್ನು ಐದು ಕಡೆ ಮುರಿದಿಟ್ಟಂತೆ ಇದೆ. ಕೊನೆಗೆ ಬಂದ "ಬಂದೆ" ಎಂಬ ಪದ ನಮಗೆ ಮೊದಲೇ ಗೊತ್ತಿದ್ದದ್ದು. ಅದೇ ಪುಸ್ತಕದ ವಿಷಯವನ್ನು ಹೀಗೆ ಬರೆದು ನೋಡೋಣ:

ಪುಟ
ತಿರುವಿದೆ.
ಕೆಳಗೆ ಬಿದ್ದಿತು
ಯಾವೂರಿಗೋ ಹೋದವರ
ಚೀಟಿ

ಏನು ಬಿತ್ತು ಎಂಬುದು ಕೊನೆಯ ಎರಡು ಅಕ್ಷರದವರೆಗೂ ತಿಳಿಯುವುದಿಲ್ಲ. ನಾಲ್ಕನೇ ಸಾಲು ಕುತೂಹಲವನ್ನು ಎಳೆದುಕೊಂಡು ಹೋಗುತ್ತದೆ, ಐದನೆಯದು ಅದನ್ನು ಕೈಗೆ ಕೊಡುತ್ತದೆ. ಕ್ರಿಯಾಪದವನ್ನು ಮೊದಲೇ ಮುಗಿಸಿ ವಸ್ತುವನ್ನು ಕೊನೆಗಿಡುವುದು ಕನ್ನಡದಲ್ಲಿ ಸಲೀಸು. ಐದನೇ ಸಾಲಿಗೆ ನಾಮಪದ ಇಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಸಣ್ಣ ಮಕ್ಕಳು ಜೊತೆಗಿದ್ದರೆ ಅಕ್ಷರದ ಬದಲು ಪದ ಎಣಿಸಿ. ಶಾಲೆಗಳಲ್ಲಿ ಕಲಿಸುವ ಸಿಂಕ್ವೇನ್ ಇದೇ. ಮೊದಲ ಸಾಲಿಗೆ ಒಂದು ಹೆಸರು, ಎರಡನೆಯದಕ್ಕೆ ಅದು ಹೇಗಿದೆ ಎನ್ನುವ ಎರಡು ಪದ, ಮೂರನೆಯದಕ್ಕೆ ಅದು ಏನು ಮಾಡುತ್ತದೆ ಎನ್ನುವ ಮೂರು ಪದ, ನಾಲ್ಕನೆಯದಕ್ಕೆ ನಾಲ್ಕು ಪದದ ಒಂದು ಮಾತು, ಐದನೆಯದಕ್ಕೆ ಅದೇ ಹೆಸರಿಗೆ ಇನ್ನೊಂದು ಹೆಸರು.

ಬೆಕ್ಕು
ಮೆತ್ತನೆಯ, ಹಟಮಾರಿ
ನೋಡುತ್ತದೆ, ಕಾಯುತ್ತದೆ, ಹಾರುತ್ತದೆ
ಬೇಕಾದಾಗ ಮಾತ್ರ ಮಡಿಲಿಗೆ ಬರುತ್ತದೆ
ರಾಣಿ

ಮುಂದಿನ ಮಗು "ರಾಣಿ"ಯಿಂದ ಶುರು ಮಾಡುತ್ತದೆ. ಒಂದೇ ಸುತ್ತಿನಲ್ಲಿ ಅಕ್ಷರದ ಲೆಕ್ಕವನ್ನೂ ಪದದ ಲೆಕ್ಕವನ್ನೂ ಬೆರೆಸಬೇಡಿ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಹಂತ 4: ಕೊಂಡಿ ಹಾಕುವುದು

ಆಟದ ಜೀವ ಇರುವುದು ಇಲ್ಲಿ. ಒಳ್ಳೆಯ ಪದ್ಯ ಬರೆಯುವವರಿಗಿಂತ ಒಳ್ಳೆಯ ಕೊಂಡಿ ಬಿಟ್ಟುಕೊಡುವವರು ಇದ್ದರೆ ಆಟ ಕಳೆಗಟ್ಟುತ್ತದೆ. ನಿಮ್ಮ ಐದನೇ ಸಾಲು ನಿಮ್ಮ ಪದ್ಯವನ್ನು ಮುಗಿಸಬೇಕು, ಮುಂದಿನವರಿಗೆ ಬಾಗಿಲನ್ನೂ ತೆರೆಯಬೇಕು. "ಅದು", "ಇದೆ", "ಆಯ್ತು" ಅಂತ ಮುಗಿಸಿದರೆ ಪಕ್ಕದವರು ಪಾಪ, ಏನು ಮಾಡಬೇಕು?

ಸರಳ ಕೊಂಡಿಯಲ್ಲಿ ಪದವೂ ಅದೇ, ಅರ್ಥವೂ ಅದೇ. ನೀವು "ಗಾಳಿ" ಎಂದು ಮುಗಿಸಿದರೆ ಮುಂದಿನವರು ಗಾಳಿಯ ಬಗ್ಗೆಯೇ ಶುರು ಮಾಡುತ್ತಾರೆ. ಮೊದಲ ಒಂದೆರಡು ಸುತ್ತಿಗೆ ಇದು ಸಾಕು. ಆಮೇಲೆ ಬೇಸರ ಬರುತ್ತದೆ. ನಾಲ್ಕು ಪದ್ಯಗಳೂ ಗಾಳಿ, ಮೋಡ, ಮಳೆ, ಹೊಳೆ ಅಂತ ಒಂದೇ ಕಡೆ ಸುತ್ತುತ್ತವೆ.

ಆಗ ಅರ್ಥ ತಿರುಗಿಸುವ ಕೊಂಡಿಗೆ ಬನ್ನಿ. ಪದ ಅದೇ ಇರಬೇಕು, ಅರ್ಥ ಬೇರೆಯಾಗಬೇಕು. ಎರಡು ಅರ್ಥದ ಎರಡಕ್ಷರದ ಪದಗಳು ಕನ್ನಡದಲ್ಲಿ ರಾಶಿ ಇವೆ. "ಕಾಡು" ಎಂದರೆ ಅರಣ್ಯ, ಪೀಡಿಸು ಎಂದೂ ಹೌದು. "ತೆರೆ" ಅಲೆಯೂ ಹೌದು, ಪರದೆಯೂ ಹೌದು, ಬಾಗಿಲು ತೆರೆಯುವುದೂ ಹೌದು. "ಎಳೆ" ನೂಲಿನದು, ಎಳೆಯದು, ಹಗ್ಗ ಎಳೆಯುವುದು. "ನೆರೆ" ಪ್ರವಾಹ, ಪಕ್ಕದ ಮನೆ, ಒಟ್ಟು ಸೇರುವುದು. ಅಂಕಿಗಳಂತೂ ಒಂದಕ್ಕಿಂತ ಒಂದು ಚೆಂದ. "ಆರು" ಎಂದರೆ ದೀಪವೂ ಆರಬಹುದು, "ಏಳು" ಎಂದು ಯಾರನ್ನೋ ಎಬ್ಬಿಸಬಹುದು, "ಹತ್ತು" ಎಂದು ಮೆಟ್ಟಿಲು ಹತ್ತಿಸಬಹುದು. ಆಟಕ್ಕೆ ಮೊದಲು ಎಲ್ಲರೂ ಸೇರಿ ಇಂಥ ಪದಗಳ ಪಟ್ಟಿ ಮಾಡಿಕೊಳ್ಳಿ. ಪಟ್ಟಿ ಮಾಡುವುದೇ ಅರ್ಧ ಆಟ.

ಅಂತ್ಯಾಕ್ಷರಿಯ ಹಾಗೆ ಕೊನೆಯ ಅಕ್ಷರದಿಂದ ಶುರು ಮಾಡಬಹುದಾ ಎಂದು ಬಹಳ ಜನ ಕೇಳುತ್ತಾರೆ. ಮಾಡಬಹುದು, ಆದರೆ ನಾನು ಬೇಡ ಎನ್ನುತ್ತೇನೆ. "ಕಣ್ಣು", "ಹಾಳು", "ಮುಳ್ಳು" ಎಂದು ಯಾರಾದರೂ ಮುಗಿಸಿದರೆ ಮುಂದಿನವರು ಣ, ಳ ಹಿಡಿದುಕೊಂಡು ಕೂರಬೇಕಾಗುತ್ತದೆ. ಆ ಅಕ್ಷರಗಳಿಂದ ಶುರುವಾಗುವ ಪದ ದಿನಬಳಕೆಯ ಕನ್ನಡದಲ್ಲಿ ಇಲ್ಲ. ಹಾಗೇ ಆಡಲೇಬೇಕೆಂದರೆ ಣ ಬಂದರೆ ನ, ಳ ಬಂದರೆ ಲ ಎಂದು ಮೊದಲೇ ಒಪ್ಪಿಕೊಳ್ಳಿ.

ಇನ್ನೊಂದು ನಿಯಮವನ್ನು ಜಪಾನಿನ ರೆಂಗಾದಿಂದ ತೆಗೆದುಕೊಳ್ಳಿ. ರೆಂಗಾ ಎಂದರೆ ಹಲವರು ಕೂಡಿ ಕೂತು ಸರದಿಯಲ್ಲಿ ಕಟ್ಟುವ ಪದ್ಯಮಾಲೆ. ಅಲ್ಲಿ ಪ್ರತಿ ಪದ್ಯಕ್ಕೂ ಅದರ ಹಿಂದಿನದರ ಜೊತೆ ಮಾತ್ರ ನಂಟು ಇರಬೇಕು, ಅದಕ್ಕೂ ಹಿಂದಿನದರ ವಿಷಯಕ್ಕೆ ಮರಳುವಂತಿಲ್ಲ. ಈ ಒಂದು ನಿಯಮ ಪಾಲಿಸಿದರೆ ಸಾಕು, ಸರಪಳಿ ತಾನಾಗಿಯೇ ಹೊಸ ಹೊಸ ಕಡೆಗೆ ಹೋಗುತ್ತದೆ. ಮೊದಲ ಪದ್ಯ ಮಳೆಯದಾಗಿದ್ದರೆ ಮೂರನೆಯವರು ಮಳೆಯನ್ನು ಮರೆತುಬಿಡಬೇಕು.

ಹಂತ 5: ಐದು ಪದ್ಯಗಳ ಸುತ್ತು

ಐದು ಸಿಂಕ್ವೇನ್ ಸೇರಿದ ಮಾಲೆಗೆ ಕ್ರೌನ್, ಅಂದರೆ ಕಿರೀಟ, ಎಂಬ ಹೆಸರಿದೆ. ಐದು ಜನ ಇದ್ದರೆ ಒಳ್ಳೆಯದು ಎಂದದ್ದು ಇದಕ್ಕೇ. ಒಬ್ಬೊಬ್ಬರದು ಒಂದೊಂದು ಪದ್ಯ, ಒಂದು ಸುತ್ತು ಮುಗಿಯಿತು. ನಮ್ಮ ಆಟಕ್ಕೆ ಇನ್ನೊಂದು ಷರತ್ತು ಸೇರಿಸೋಣ. ಐದನೆಯವರು ಮೊದಲ ಪದ್ಯದ ಮೊದಲ ಪದದಿಂದಲೇ ಮುಗಿಸಬೇಕು. ರೆಂಗಾದ ನಿಯಮಕ್ಕೆ ಇದೊಂದೇ ವಿನಾಯಿತಿ. ಒಬ್ಬೊಬ್ಬರಿಗೂ ಐದು ನಿಮಿಷ ಕೊಡಿ. ಈಗ ಪೂರ್ತಿ ಸುತ್ತು ಹೇಗಿರುತ್ತದೆ ನೋಡಿ.

ಮೊದಲನೆಯದು:

ಮಳೆ
ನಿಂತ ಮೇಲೂ
ಹನಿ ಬೀಳುತ್ತಿದೆ.
ಮರಕ್ಕಿನ್ನೂ ಗೊತ್ತಾಗಿಲ್ಲ
ಹೊತ್ತು

ಎರಡನೆಯದು:

ಹೊತ್ತು
ತಂದ ಚೀಲ
ತೆರೆದು ನೋಡಿದೆ.
ಹೇಳಿದ್ದಿಲ್ಲ, ಬರೀ ಒಂದು
ಪಟ್ಟಿ

ಮೂರನೆಯದು:

ಪಟ್ಟಿ
ಬಿಚ್ಚಿದಾಗ
ಮೊಣಕಾಲ ಮೇಲೆ
ಸೈಕಲ್ಲು ಬಿಟ್ಟುಹೋಗಿದ್ದ
ಕಲೆ

ನಾಲ್ಕನೆಯದು:

ಕಲೆ
ಕಲೆ ಎಂದು
ಫೋಟೋ ತೆಗೆದದ್ದೇ.
ಬ್ಯಾಟರಿ ಮುಗಿದುಹೋಯ್ತು,
ಏಳು

ಐದನೆಯದು:

ಏಳು
ಬಣ್ಣ ಹೊದ್ದು
ಬಾನಿನಂಚಿನಲ್ಲಿ
ಬಿಸಿಲಿಗೆ ದಾರಿ ಬಿಟ್ಟ
ಮಳೆ

ಕೊಂಡಿಗಳನ್ನು ಮಾತ್ರ ಮತ್ತೊಮ್ಮೆ ಗಮನಿಸಿ. "ಹೊತ್ತು" ಮೊದಲು ವೇಳೆ, ಆಮೇಲೆ ಚೀಲ ಹೊತ್ತದ್ದು. "ಪಟ್ಟಿ" ಸಾಮಾನಿನದು ಹೋಗಿ ಗಾಯಕ್ಕೆ ಕಟ್ಟುವುದಾಯಿತು. "ಕಲೆ" ಗಾಯದ ಗುರುತಿನಿಂದ ಫೋಟೋಗ್ರಫಿಗೆ ಹಾರಿತು. ಗಾಯದ ಕಲೆಯಿಂದ ಮತ್ತೆ ಗಾಯದ ಕಲೆಗೇ ಹೋಗಿದ್ದರೆ ನಾಲ್ಕನೆಯದು ಮೂರನೆಯದರ ಬಾಲ ಆಗಿಬಿಡುತ್ತಿತ್ತು.

ಇಲ್ಲಿ ಎಡವುವವರು ಜಾಸ್ತಿ ಐದನೆಯವರೇ. ಶುರುವಿನ ಪದವೂ ಕೊನೆಯ ಪದವೂ ಮೊದಲೇ ನಿಗದಿಯಾಗಿರುತ್ತವೆ. ಅವರಿಗೆ ಬೇಕಾದರೆ ಹತ್ತು ನಿಮಿಷ ಕೊಡಿ. ಅವರು ಕೊನೆಯಿಂದ ಹಿಂದಕ್ಕೆ ಬರೆಯಲಿ. ಅಂದರೆ ಮೊದಲು "ಮಳೆ"ಯ ಮೇಲಿನ ಎಂಟಕ್ಷರದ ಸಾಲು, ಆಮೇಲೆ ಉಳಿದ ಎರಡು. ಇದು ನಿಜವಾಗಿಯೂ ಸುಲಭವಾಗುತ್ತದೆ.

ಹಂತ 6: ಆರನೆಯ ಪದ್ಯ, ಯಾರೂ ಬರೆಯದೆ

ಗಾರ್ಲೆಂಡ್, ಅಂದರೆ ಹಾರ, ಎಂಬ ಇನ್ನೊಂದು ರೂಪವಿದೆ. ಅದರಲ್ಲಿ ಐದು ಪದ್ಯಗಳ ಸಾಲುಗಳನ್ನೇ ಆಯ್ದು ಆರನೆಯದನ್ನು ಕಟ್ಟುತ್ತಾರೆ. ಮೊದಲ ಪದ್ಯದ ಮೊದಲ ಸಾಲು, ಎರಡನೆಯದರ ಎರಡನೇ ಸಾಲು, ಹೀಗೆ ಐದನೆಯದರ ಐದನೇ ಸಾಲಿನವರೆಗೆ. ಅಳತೆ ತಾನಾಗಿಯೇ ಸರಿಹೊಂದುತ್ತದೆ. ಮೇಲಿನ ಸುತ್ತಿನಿಂದ ಹೀಗೆ ತೆಗೆದರೆ ಸಿಗುವುದು ಇದು:

ಮಳೆ.
ತಂದ ಚೀಲ
ಮೊಣಕಾಲ ಮೇಲೆ.
ಬ್ಯಾಟರಿ ಮುಗಿದುಹೋಯ್ತು.
ಮಳೆ

ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು, ಫೋನೂ ಸತ್ತು, ಮಳೆ ನಿಲ್ಲುವುದನ್ನು ಕಾಯುತ್ತಾ ಕೂತ ಯಾರೋ ಒಬ್ಬರು ಇಲ್ಲಿದ್ದಾರೆ. ಅವರು ಐದು ಪದ್ಯಗಳಲ್ಲಿ ಎಲ್ಲೂ ಇರಲಿಲ್ಲ. ನಾವು ಮಾಡಿದ್ದು ವಿರಾಮಚಿಹ್ನೆ ಬದಲಾಯಿಸಿದ್ದಷ್ಟೇ. ಅಷ್ಟು ಸ್ವಾತಂತ್ರ್ಯ ಇಟ್ಟುಕೊಳ್ಳಿ, ಅಕ್ಷರ ಮಾತ್ರ ಮುಟ್ಟಬೇಡಿ.

ಪ್ರತಿ ಸಲವೂ ಹೀಗೆ ಅರ್ಥ ಕೂಡುವುದಿಲ್ಲ. ಕೂಡುವ ಸಾಧ್ಯತೆ ಹೆಚ್ಚಿಸಲು ಒಂದು ದಾರಿ ಇದೆ. ಪ್ರತಿ ಸಾಲೂ ಆದಷ್ಟು ತನ್ನ ಕಾಲ ಮೇಲೆ ನಿಲ್ಲಲಿ. "ಮೊಣಕಾಲ ಮೇಲೆ" ಎಂಬುದು ಎಲ್ಲಿ ಇಟ್ಟರೂ ಬಾಳುತ್ತದೆ. "ಅದರಿಂದಾಗಿಯೇ" ಎಂಬ ಸಾಲಿಗೂ ಆರೇ ಅಕ್ಷರ, ಆದರೆ ಅದನ್ನು ಕಿತ್ತರೆ ಒಣಗಿಹೋಗುತ್ತದೆ. ಹಾಗೇ ಷಷ್ಠಿ ವಿಭಕ್ತಿಯಲ್ಲಿ, ಅಂದರೆ "ಮರದ", "ಊರಿನ" ಎಂಬಂಥ ಪದದಲ್ಲಿ ಸಾಲು ಮುರಿಯುವುದನ್ನು ಕಡಿಮೆ ಮಾಡಿ. ಅಂಥ ಸಾಲು ಮುಂದಿನ ಸಾಲಿಗೆ ಜೋತುಬಿದ್ದಿರುತ್ತದೆ.

ಇಬ್ಬರೇ ಇದ್ದರೆ

ಚಿಟ್ಟೆ ಸಿಂಕ್ವೇನ್ ಆಡಿ. ಇದಕ್ಕೆ ಒಂಬತ್ತು ಸಾಲು: 2, 4, 6, 8, 2, 8, 6, 4, 2. ಒಬ್ಬರು ಮೊದಲ ಐದು ಸಾಲು ಬರೆದು ಹಾಳೆ ಕೊಡುತ್ತಾರೆ. ಇನ್ನೊಬ್ಬರು ಆ ಐದನೇ ಸಾಲನ್ನೇ ನಡುವಾಗಿ ಇಟ್ಟುಕೊಂಡು ಎಂಟು, ಆರು, ನಾಲ್ಕು, ಎರಡು ಎಂದು ಇಳಿಯುತ್ತಾರೆ. ಇಳಿಯುವವರ ಕೆಲಸವೇ ಕಷ್ಟ, ಹಾಗಾಗಿ ಪ್ರತಿ ಸಲ ಪಾತ್ರ ಬದಲಾಯಿಸಿಕೊಳ್ಳಿ.

ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳು

ಪ್ರಾಸ ಬೇಕಾ? ಬೇಡ. ತಾನಾಗಿ ಬಂದರೆ ಓಡಿಸಬೇಡಿ, ಆದರೆ ಹುಡುಕಿಕೊಂಡು ಹೋಗಬೇಡಿ. ಇಷ್ಟು ಸಣ್ಣ ಸಾಲುಗಳಲ್ಲಿ ಪ್ರಾಸ ಹಿಡಿಯಲು ಹೋದರೆ ಅರ್ಥ ಕೈಜಾರುತ್ತದೆ.

ಅಂಕ ಕೊಡಬೇಕಾ? ಪದ್ಯಕ್ಕೆ ಅಂಕ ಕೊಡುವುದು ನನಗೆ ಇಷ್ಟವಿಲ್ಲ. ಬೇಕೇ ಬೇಕೆಂದರೆ ಕೊಂಡಿಗೆ ಮಾತ್ರ ಕೊಡಿ: ಅರ್ಥ ತಿರುಗಿದರೆ ಎರಡು, ಅದೇ ಅರ್ಥವಾದರೆ ಒಂದು. ಇದು ಅಳೆಯಬಹುದಾದದ್ದು. ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಯಾರಿಗಾದರೂ ಏನೂ ಹೊಳೆಯದಿದ್ದರೆ? ಕೊಂಡಿ ಪದ ಬದಲಾಯಿಸಿಕೊಡಲು ಹಿಂದಿನವರಿಗೆ ಒಂದು ಅವಕಾಶ ಕೊಡಿ. ಆಗಲೂ ಆಗದಿದ್ದರೆ ಆ ಪದ್ಯವನ್ನು ಎಲ್ಲರೂ ಸೇರಿ ಬರೆಯಿರಿ. ಸರದಿ ದಾಟಿಸಿ ಒಬ್ಬರನ್ನು ಹೊರಗಿಡಬೇಡಿ.

ಇನ್ನೊಬ್ಬರ ಪದ್ಯ ತಿದ್ದಬಹುದಾ? ಎಣಿಕೆ ತಪ್ಪಿದ್ದರೆ ಹೇಳಿ. ಅರ್ಥ ತಿದ್ದಲು ಹೋಗಬೇಡಿ.

ಸುತ್ತು ಮುಗಿದ ಮೇಲೆ ಇಡೀ ಸರಪಳಿಯನ್ನು ಗಟ್ಟಿಯಾಗಿ ಓದಿ. ಕೊಂಡಿ ಪದವನ್ನು ಇಬ್ಬರೂ ಓದಬೇಕು. ಮುಗಿಸುವವರು ಒಂದು ದನಿಯಲ್ಲಿ, ಶುರು ಮಾಡುವವರು ಇನ್ನೊಂದು ದನಿಯಲ್ಲಿ. "ಏಳು!" ಎಂದು ಒಬ್ಬರು ಎಬ್ಬಿಸಿ, "ಏಳು…" ಎಂದು ಇನ್ನೊಬ್ಬರು ಬಣ್ಣ ಎಣಿಸುವಾಗ ಅರ್ಥ ತಿರುಗಿದ್ದು ಎಲ್ಲರಿಗೂ ಕೇಳಿಸುತ್ತದೆ.

ಮೊದಲ ಸುತ್ತಿಗೆ ಪದ ಹುಡುಕುತ್ತಾ ಕೂರಬೇಡಿ. ಇವುಗಳಲ್ಲಿ ಒಂದನ್ನು ಎತ್ತಿಕೊಳ್ಳಿ: ತೆರೆ, ಕಟ್ಟು, ಎಳೆ, ಹಾಡು, ನಡು, ಮುಡಿ, ಹತ್ತು.